ಡ್ರಮ್ಮಿನ ತಳದ ಒಂದು ಬೆರಳು

ಈ ಸೂಚನೆ ನಮ್ಮ ತೋಟದ ಮದ್ದಿನ ಕೋಣೆಯ ಬಾಗಿಲಿಗೆ ಅಂಟಿಸಲೆಂದು ಬರೆಯಲು ಕೂತದ್ದು. ಬರೆಯುತ್ತಾ ಉದ್ದವಾಯಿತು. ಬಾಗಿಲಿಗೆ ಹಿಡಿಸದಿದ್ದರೆ ಗೋಡೆಗೆ ಅಂಟಿಸುತ್ತೇನೆ. ಅಡಿಕೆ, ರಬ್ಬರು, ಮನೆಮಟ್ಟಿಗೆ ನಾಲ್ಕು ಸಾಲು ತರಕಾರಿ ಇರುವ ಸುಳ್ಯ, ಪುತ್ತೂರು ಕಡೆಯ ಯಾವ ತೋಟಕ್ಕೂ ಇದು ಹೊಂದುತ್ತದೆ. ಬೇಕಾದವರು ನಕಲು ಮಾಡಿಕೊಳ್ಳಿ. ವಿಷಯ ಇಷ್ಟೇ: ದೊಡ್ಡ ಡ್ರಮ್ಮು, ಕ್ಯಾನು, ಟ್ಯಾಂಕುಗಳ ತಳದಲ್ಲಿ ಉಳಿದ ಮದ್ದನ್ನು, ಆಸಿಡ್ಡನ್ನು, ಎಣ್ಣೆಯನ್ನು ಹೊರಗೆ ತೆಗೆಯುವುದು ಹೇಗೆ, ತೆಗೆದದ್ದನ್ನು ಎಲ್ಲಿ ಹಾಕುವುದು.

ತುಂಬಿದ ಡ್ರಮ್ಮಿಗೆ ಎಲ್ಲರೂ ಹೆದರುತ್ತಾರೆ. ಕೈಗವಸು ಹುಡುಕುತ್ತಾರೆ, ಮಕ್ಕಳನ್ನು ಒಳಗೆ ಕಳಿಸುತ್ತಾರೆ. ಪಂಪು ಗಾಳಿ ಎಳೆಯಲು ಸುರುವಾಗಿ ಯಾರೋ "ಖಾಲಿ ಆಯ್ತು" ಅಂದರೆ ಸಾಕು, ಕೈಗವಸು ಕಳಚುತ್ತದೆ, ಡ್ರಮ್ಮು ಅಂಗಳಕ್ಕೆ ಉರುಳುತ್ತದೆ. ಒಮ್ಮೆ ಲೆಕ್ಕ ಹಾಕಿ ನೋಡಿ. 200 ಲೀಟರಿನ ಡ್ರಮ್ಮಿನ ಒಳಗಿನ ಅಡ್ಡಳತೆ ಸುಮಾರು 57 ಸೆಂಟಿಮೀಟರ್. ತಳದಲ್ಲಿ ಒಂದು ಬೆರಳಿನಗಲ, ಅಂದರೆ 2 ಸೆಂಟಿಮೀಟರ್, ದ್ರವ ಉಳಿದರೆ ಅದು 5 ಲೀಟರ್. ಲೀಟರಿಗೆ 2 ಮಿಲಿಲೀಟರ್ ಬೆರೆಸುವ ಮದ್ದಾದರೆ ಆ 5 ಲೀಟರಿನಿಂದ 2,500 ಲೀಟರ್ ದ್ರಾವಣವಾಗುತ್ತದೆ, ಹನ್ನೆರಡೂವರೆ ಡ್ರಮ್ಮು. ನಾವು ಖಾಲಿ ಅಂದದ್ದು ಇದನ್ನು. ಕಬ್ಬಿಣದ ಪಂಜರದೊಳಗೆ ಕೂರಿಸಿದ 1,000 ಲೀಟರಿನ ಬಿಳಿ ಟ್ಯಾಂಕಿನಲ್ಲಾದರೆ ಅದೇ ಒಂದು ಬೆರಳು 20 ಲೀಟರಿಗೂ ಮೇಲೆ.

ತೆರೆಯುವ ಮೊದಲು

ಚೀಟಿ ಓದಿ. ಓದಲು ಬಾರದವರು ಓದಿಸಿಕೊಳ್ಳಿ, ನಾಚಿಕೆ ಬೇಡ. ಹೆಸರು ಹಿಡಿತಕ್ಕೆ ಸಿಗದಿದ್ದರೆ ಬಣ್ಣದ ತ್ರಿಕೋನವನ್ನಾದರೂ ನೋಡಿ: ಕೆಂಪು ಅಂದರೆ ಅತಿ ಘೋರ ವಿಷ, ಜೊತೆಗೆ ತಲೆಬುರುಡೆಯ ಚಿತ್ರವೂ ಇರುತ್ತದೆ, ಹಳದಿ ಅದರ ಕೆಳಗಿನದು, ಆಮೇಲೆ ನೀಲಿ, ಹಸಿರು. ಹಸಿರು ಅಂದರೆ ಕೈ ಅದ್ದಬಹುದು ಅಂತಲ್ಲ. ಹಾಗೆ ತಿಳಿದವರನ್ನು ನೋಡಿದ್ದೇನೆ, ಅದಕ್ಕೇ ಬರೆದೆ.

ಚೀಟಿ ಇಲ್ಲದ ಡ್ರಮ್ಮನ್ನು ತೆರೆಯಬೇಡಿ. ಮೂಸಿ ಹೇಳುತ್ತೇನೆ ಅನ್ನುವ ಜಾಣರು ಪ್ರತಿ ತೋಟದಲ್ಲೂ ಒಬ್ಬರಿರುತ್ತಾರೆ. ಅವರಿಗೆ ಬಿರಡೆ ತಿರುಗಿಸುವ ಪಾನ ಕೊಡಬೇಡಿ.

ಉಳಿಕೆ ತೆಗೆಯುವ ಕೆಲಸವನ್ನು ಮದ್ದು ಬಿಡುವ ದಿನವೇ ಮಾಡಿ. ಬಿಡುವಾದಾಗ ನೋಡೋಣ, ಮಳೆ ಬಂದು ಕೆಲಸ ನಿಂತಾಗ ಮಾಡೋಣ ಅನ್ನುವುದು ಬೇಡ. ಡ್ರಮ್ಮಿನಿಂದ ತೆಗೆದದ್ದೂ ತೊಳೆದ ನೀರೂ ಸೇರಬೇಕಾದ ಜಾಗ ಒಂದೇ, ಅದು ಅವತ್ತು ಅದೇ ಬೆಳೆಗೆ ಬಿಡುವ ದ್ರಾವಣದ ಟ್ಯಾಂಕು. ಮದ್ದು ಬಿಡದ ದಿನ ತೊಳೆದರೆ ಆ ನೀರನ್ನು ಕೈಯಲ್ಲಿ ಹಿಡಿದುಕೊಂಡು ಜಾಗ ಹುಡುಕುತ್ತೀರಿ, ಕೊನೆಗೆ ತೋಡಿಗೆ ಚೆಲ್ಲುತ್ತೀರಿ.

ಒಬ್ಬರೇ ಮಾಡಬೇಡಿ. ಬಾವಿ, ತೋಡು, ನೀರಿನ ಸುರಂಗಗಳ ಮೇಲ್ಬದಿಯಲ್ಲಿ ಮಾಡಬೇಡಿ. ನಮ್ಮದು ಮುರಕಲ್ಲಿನ ಗುಡ್ಡೆ; ಮೇಲೆ ಚೆಲ್ಲಿದ್ದು ತೂತುತೂತಿನಲ್ಲಿ ಇಳಿದು ಕೆಳಗಿನ ಮನೆಯ ಬಾವಿ ಸೇರಲು ಹೆಚ್ಚು ಕಾಲ ಬೇಡ. ಮದ್ದಿನ ಕೋಣೆಯ ಎದುರು ಸಿಮೆಂಟು ಹಾಕಿ ಸುತ್ತ ನಾಲ್ಕು ಬೆರಳೆತ್ತರದ ಕಟ್ಟೆ ಕಟ್ಟಿದ್ದು ಇದಕ್ಕಾಗಿ. ಅಡಿಕೆ ಒಣಗಿಸಲಿಕ್ಕಲ್ಲ.

ಉಡುಪು: ಉದ್ದ ತೋಳಿನ ಅಂಗಿ, ಪ್ಯಾಂಟು, ಗಮ್‌ಬೂಟು, ಎದೆಯಿಂದ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಮುಂಗವಚ, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಕೈಗೆ ದಪ್ಪ ನೈಟ್ರೈಲ್ ಗವಸು. ಪ್ಯಾಂಟಿನ ಕಾಲು ಬೂಟಿನ ಹೊರಗೆ ಇಳಿಯಬೇಕು, ಒಳಗೆ ತುರುಕಬೇಡಿ. ಕೈ ಕೆಳಮುಖವಾಗಿ ಕೆಲಸ ಮಾಡುವಾಗ ಅಂಗಿಯ ತೋಳು ಗವಸಿನ ಹೊರಗಿರಲಿ, ಆಗ ಹರಿದದ್ದು ಗವಸಿನೊಳಗೆ ಇಳಿಯುವುದಿಲ್ಲ. ಲುಂಗಿ ಬೇಡ. ಮೂಗಿಗೆ ಬೈರಾಸು ಕಟ್ಟಿಕೊಳ್ಳುವುದೂ ಬೇಡ. ಬೈರಾಸು ಮದ್ದನ್ನು ತಡೆಯುವುದಿಲ್ಲ, ಹೀರಿಕೊಂಡು ಮೂಗಿನ ಬುಡದಲ್ಲೇ ಇಟ್ಟುಕೊಳ್ಳುತ್ತದೆ. ಎಲೆಯಡಿಕೆ, ಬೀಡಿ ಕೋಣೆಯ ಹತ್ತಿರವೂ ಬರಬಾರದು. ಎಲೆಯಡಿಕೆ ವಿಷಯದಲ್ಲಿ ನಾನೂ ತಪ್ಪಿದವನೇ.

ತೆರೆಯುವಾಗ, ತೆಗೆಯುವಾಗ

ಬಿಸಿಲಿನಲ್ಲಿ ನಿಂತ ಡ್ರಮ್ಮನ್ನು ಕೂಡಲೇ ತೆರೆಯಬೇಡಿ. ಹೊಟ್ಟೆ ಉಬ್ಬಿದೆಯೇ ಎಂದು ಬದಿಯಿಂದ ನೋಡಿ. ನೆರಳಿಗೆ ತಂದು ತಣಿಯಲು ಬಿಡಿ. ಡ್ರಮ್ಮಿನ ತಲೆಯ ಮೇಲೆ ಎರಡು ಬಿರಡೆ ಇರುತ್ತವೆ, ಒಂದು 2 ಇಂಚು, ಇನ್ನೊಂದು ಮುಕ್ಕಾಲು ಇಂಚು. ಮೊದಲು ಸಣ್ಣದು. ಮುಖ ಆಚೆ ಮಾಡಿ ಅರ್ಧ ಸುತ್ತು ತಿರುಗಿಸಿ, ನಿಲ್ಲಿಸಿ. 'ಸುಸ್' ಎಂದು ಗಾಳಿ ಹೋಗುವ ಸದ್ದು ಪೂರ್ತಿ ನಿಂತ ಮೇಲೆಯೇ ಮುಂದಿನ ಅರ್ಧ ಸುತ್ತು. ದೊಡ್ಡದು ಅದಾದ ಮೇಲೆ. ಉಳಿ, ಸುತ್ತಿಗೆ ಹಾಕಿ ಬಿರಡೆ ಬಡಿಯಬಾರದು.

ದ್ರವ ಎಳೆಯಲು ಕೈಪಂಪು ಇದೆ. ಡ್ರಮ್ಮಿಗೆ ತಿರುಪಿ ಕೂರಿಸುವ ಆ ಪಂಪಿನ ಬೆಲೆ ಒಂದು ದಿನದ ಆಸ್ಪತ್ರೆ ಖರ್ಚಿಗಿಂತ ಕಡಿಮೆ.

ಪೈಪು ಹಾಕಿ ಬಾಯಿಂದ ಎಳೆಯಬೇಡಿ. ಈ ಕಾಗದದಲ್ಲಿ ಬೇರೇನೂ ನೆನಪಿನಲ್ಲಿ ಉಳಿಯದಿದ್ದರೆ ಇದೊಂದು ಉಳಿಯಲಿ. ಈ ಚಟ ನಮಗೆ ಪಂಪ್‌ಸೆಟ್ಟಿನ ಕಾಲದಿಂದ ಬಂದದ್ದು. ನಮ್ಮ ದೊಡ್ಡಪ್ಪ ಡೀಸೆಲ್ ಡ್ರಮ್ಮಿಗೆ ಪೈಪು ಇಳಿಸಿ, ಕೆನ್ನೆ ಒಳಗೆ ಹೋಗುವ ಹಾಗೆ ಒಂದು ದಮ್ಮು ಎಳೆದು, ಹೆಬ್ಬೆರಳಿನಿಂದ ಪೈಪಿನ ಬಾಯಿ ಒತ್ತಿ, 'ಥೂ' ಎಂದು ಉಗಿದು ಕ್ಯಾನಿಗೆ ಬಿಡುತ್ತಿದ್ದರು. ಅದು ಒಂದು ಕಲೆ ಎಂದೇ ನಾವು ಮಕ್ಕಳು ನೋಡುತ್ತಿದ್ದೆವು. ಒಂದು ಸಲ ಕೆಮ್ಮು ಬಂತು. ಆ ರಾತ್ರಿಯಿಡೀ ಅವರಿಗೆ ಉಬ್ಬಸ, ಬೆಳಗ್ಗೆ ಜ್ವರ, ಮಂಗಳೂರಿನಲ್ಲಿ ಒಂಬತ್ತು ದಿನ. ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಹೋದ ಒಂದು ಚಮಚ ಎಣ್ಣೆ ಕೆಟ್ಟದ್ದು ಎಂದು ಡಾಕ್ಟರು ಆಗ ಹೇಳಿದರು. ಅದು ಬರೀ ಡೀಸೆಲ್. ನಾವು ಬಳಸುವ ಕೀಟನಾಶಕಗಳಲ್ಲಿ 'ಇ.ಸಿ.' ಎಂಬ ಅಕ್ಷರ ಇರುವುವೆಲ್ಲ ಇಂಥ ಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿದ ವಿಷ. ಎರಡೂ ಒಟ್ಟಿಗೆ ಒಳಗೆ ಹೋಗುತ್ತವೆ.

ಪಂಪಿಗೆ ಸಿಗದೆ ಉಳಿದದ್ದನ್ನು ಓರೆ ಮಾಡಿ ತೆಗೆಯಬೇಕು. ಡ್ರಮ್ಮನ್ನು ಮರದ ಕುದುರೆಯ ಮೇಲೆ ಅಡ್ಡ ಮಲಗಿಸಿ ಎರಡೂ ಬದಿಗೆ ಆಪು ಕೊಡಿ. ಸಣ್ಣ ಬಿರಡೆಯ ಜಾಗಕ್ಕೆ ನಲ್ಲಿ ಕೂರಿಸಿ, ಅದು ಕೆಳಗೆ ಬರುವಂತೆ ಇರಲಿ; ಮೇಲಿನ ಬಿರಡೆ ಸಡಿಲವಾಗಿದ್ದು ಗಾಳಿ ಒಳಗೆ ಹೋಗಬೇಕು. ಗಾಳಿಗೆ ದಾರಿ ಇಲ್ಲದಿದ್ದರೆ ಅದು 'ಗುಳುಕ್, ಗುಳುಕ್' ಎಂದು ಎಗರಿ ಬರುತ್ತದೆ, ಎಗರಿದ ಹನಿ ಹೋಗುವುದು ಮುಖಕ್ಕೇ. 20 ಲೀಟರಿನ ಕ್ಯಾನಿಗೂ ಇದೇ ನ್ಯಾಯ: ಕ್ಯಾನಿನ ಬಾಯಿ ಮೇಲಂಚಿಗೆ ಬರುವಂತೆ ಹಿಡಿದು ಸುರಿಯಿರಿ. ಬಾಯಿ ಕೆಳಂಚಿಗೆ ಬಂದರೆ ಬೇಗ ಸುರಿಯುತ್ತದೆ ಎಂದು ಕಾಣುತ್ತದೆ. ಸುರಿಯುವುದು ಅರ್ಧ ಲಾಳಿಕೆಗೆ, ಅರ್ಧ ಬೂಟಿಗೆ.

1,000 ಲೀಟರಿನ ಟ್ಯಾಂಕನ್ನು ಎತ್ತಿ ಓರೆ ಮಾಡಲು ಹೋಗಬೇಡಿ. ಖಾಲಿಯಾದರೂ ಪಂಜರ ಸೇರಿ ಅದು ಸುಮಾರು 60 ಕಿಲೋ. ಒಳಗಿನ ದ್ರವ ಒಂದು ಬದಿಗೆ ಓಡಿದರೆ ನಿಮ್ಮನ್ನೂ ಕರೆದುಕೊಂಡು ಹೋಗುತ್ತದೆ. ನಲ್ಲಿಯ ಎದುರು ಬದಿಗೆ ಸನ್ನೆ ಹಾಕಿ ಸ್ವಲ್ಪ ಎತ್ತಿ, ಅಡಿಗೆ ಒಂದು ಹಲಗೆ ತುರುಕಿ. ಅಷ್ಟು ಸಾಕು. ಯಾವ ಟ್ಯಾಂಕಿನದ್ದೇ ಆಗಲಿ, ತಲೆಯ ಮೇಲಿನ ದೊಡ್ಡ ಮುಚ್ಚಳ ತೆರೆದು ಒಳಗೆ ತಲೆ ಹಾಕುವುದಾಗಲಿ, ಮಗುವನ್ನು ಇಳಿಸಿ ಬಟ್ಟೆಯಿಂದ ಒರೆಸುವುದಾಗಲಿ ಕೂಡದು. ಮಗುವನ್ನು ಯಾರು ಇಳಿಸುತ್ತಾರೆ ಎಂದು ಕೇಳಬೇಡಿ, ನೀರಿನ ಟ್ಯಾಂಕು ತೊಳೆಯಲು ನಾವೆಲ್ಲ ಇಳಿದವರೇ.

ಹರಿಯುವುದು ನಿಂತು ಹನಿ ಸುರುವಾದ ಮೇಲೂ ಅರ್ಧ ನಿಮಿಷ ಹಿಡಿಯಿರಿ. ಗಡಿಬಿಡಿಯಲ್ಲಿ ನಾವು ಬಿಟ್ಟುಬಿಡುವುದು ಈ ಅರ್ಧ ನಿಮಿಷವನ್ನೇ.

ಮೂರು ಸಲ ತೊಳೆಯುವುದು

ಒಂದೇ ಸಲ ತುಂಬ ನೀರು ಹಾಕಿ ಕುಲುಕಿದರೆ ಆಯಿತಲ್ಲ ಎಂದು ನಮ್ಮ ಚಂದ್ರಣ್ಣ ಪ್ರತಿ ವರ್ಷ ಕೇಳುತ್ತಾನೆ. ಆಗುವುದಿಲ್ಲ ಚಂದ್ರಣ್ಣ. 20 ಲೀಟರಿನ ಕ್ಯಾನಿನ ಗೋಡೆಗೆ ಅಂಟಿಕೊಂಡು 100 ಮಿಲಿಲೀಟರ್ ಮದ್ದು ಉಳಿದಿದೆ ಅನ್ನೋಣ. 15 ಲೀಟರ್ ನೀರು ಒಟ್ಟಿಗೆ ಹಾಕಿ ಚೆಲ್ಲಿದರೆ ಮತ್ತೆ ಅಂಟಿ ಉಳಿಯುವ ನೀರಿನಲ್ಲಿ ಮೊದಲಿನ ಮದ್ದಿನ 150ರಲ್ಲಿ ಒಂದು ಪಾಲು ಇರುತ್ತದೆ. ಅದೇ 15 ಲೀಟರನ್ನು 5, 5, 5 ಎಂದು ಮೂರು ಸಲ ಹಾಕಿ, ಪ್ರತಿ ಸಲ ಪೂರ್ತಿ ಬಸಿದರೆ ಉಳಿಯುವುದು 1 ಲಕ್ಷದ 30 ಸಾವಿರದಲ್ಲಿ ಒಂದು ಪಾಲು. ನೀರು ಅಷ್ಟೇ, ಶ್ರಮ ಹತ್ತು ನಿಮಿಷ ಹೆಚ್ಚು.

ಕ್ಯಾನಿಗೆ ಕಾಲು ಭಾಗ ನೀರು ಹಾಕಿ, ಮುಚ್ಚಳ ಬಿಗಿದು, ಅರ್ಧ ನಿಮಿಷ ಕುಲುಕಿ, ದ್ರಾವಣದ ಟ್ಯಾಂಕಿಗೆ ಸುರಿಯಿರಿ. ಹೀಗೆ ಮೂರು ಸಲ. ಡ್ರಮ್ಮನ್ನು ಕುಲುಕಲಾಗದು. ಅಡ್ಡ ಮಲಗಿಸಿ ಹಿಂದೆ ಮುಂದೆ ಉರುಳಿಸಿ, ಆಮೇಲೆ ನಿಲ್ಲಿಸಿ ಓಲಾಡಿಸಿ, ಆಮೇಲೆ ತಲೆಕೆಳಗು ಮಾಡಿ ಮತ್ತೆ ಓಲಾಡಿಸಿ. ಮುಚ್ಚಳವನ್ನೂ ಬಿರಡೆಯ ತಿರುಪಿನ ಮರೆಯನ್ನೂ ಬೇರೆಯಾಗಿ ತೊಳೆಯಿರಿ. ಮದ್ದು ಅಡಗಿ ಕೂರುವುದು ಆ ಮರೆಯ ಸಂದಿನಲ್ಲಿ. ಮದ್ದು ಒಣಗಿ ಗಟ್ಟಿಯಾದ ಮೇಲೆ ಯಾವ ತೊಳೆತವೂ ನಾಟುವುದಿಲ್ಲ, ಹಾಗಾಗಿ ನಾಳೆಗೆ ಇಡಬೇಡಿ. ತೊಳೆದ ನೀರು ಟ್ಯಾಂಕಿಗೆ ಹಾಕುವಾಗ ಅಷ್ಟು ಜಾಗ ಮೊದಲೇ ಬಿಟ್ಟಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಬೋರ್ಡೋ ಡ್ರಮ್ಮಿನ ತಳದ ನೀಲಿ ಗಸಿಗೂ ಇದೇ ಮಾತು. ಮೈಲುತುತ್ತು ಸುಣ್ಣ ಸೇರಿಸಿ ಮಾಡಿದ್ದನ್ನು ಅವತ್ತೇ ಮುಗಿಸಿ, ಗಸಿಯನ್ನು ನೀರು ಮಾಡಿ ಕೊನೆಯ ಸಾಲಿನ ಮರಗಳಿಗೆ ಬಿಡಿ. ಅಜ್ಜನ ಕಾಲದ ಮದ್ದು, ಏನೂ ಆಗದು ಎಂದು ತೋಡಿನಲ್ಲಿ ಡ್ರಮ್ಮು ಅದ್ದುವವರು ತೋಡಿನ ಮೀನನ್ನು ಕೇಳಿ ನೋಡಲಿ. ತಾಮ್ರ ಅವಕ್ಕೆ ಆಗದು.

ಆಸಿಡ್ಡು ಬೇರೆ ಜಾತಿ

ರಬ್ಬರು ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ಡು, ಡ್ರಿಪ್ಪಿನ ಪೈಪಿನಲ್ಲಿ ಕಟ್ಟಿದ ಸುಣ್ಣ ಬಿಡಿಸುವ ಹೈಡ್ರೋಕ್ಲೋರಿಕ್ ಆಸಿಡ್ಡು, ಫಾಸ್ಫರಿಕ್ ಆಸಿಡ್ಡು ಇವಕ್ಕೆ ಮೇಲಿನ ತೊಳೆಯುವ ಕ್ರಮ ಹಾಗೆಯೇ ಹೊಂದದು. ನೀರಿಗೆ ಆಸಿಡ್ಡು ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು, ಕುದಿದು ಚಿಮ್ಮುತ್ತದೆ. ಆದ್ದರಿಂದ ತಳದಲ್ಲಿ ಉಳಿದದ್ದನ್ನು ಮೊದಲು ಪೂರ್ತಿ ಬಸಿದು, ನೀರು ತುಂಬಿದ ಪ್ಲಾಸ್ಟಿಕ್ ಬಕೆಟಿಗೆ ಸಣ್ಣ ಧಾರೆಯಾಗಿ ಬಿಡಿ. ಗೋಡೆಗೆ ಅಂಟಿದ ತೇವ ಮಾತ್ರ ಉಳಿದ ಮೇಲೆ ಕ್ಯಾನಿಗೆ ನೀರು. ಬಕೆಟಿನದ್ದು ಮುಂದಿನ ಅದೇ ಕೆಲಸಕ್ಕೆ.

ಬ್ಲೀಚಿಂಗ್ ಪುಡಿ ಅಥವಾ ಕ್ಲೋರಿನ್ ದ್ರಾವಣ ಇದ್ದ ಡ್ರಮ್ಮಿಗೆ ಆಸಿಡ್ಡಿನ ಉಳಿಕೆ ಸುರಿಯಬೇಡಿ. ಆಸಿಡ್ಡು ಇದ್ದದ್ದಕ್ಕೆ ಬ್ಲೀಚಿಂಗೂ ಬೇಡ. ಡ್ರಿಪ್ಪು ಸ್ವಚ್ಛ ಮಾಡಲು ಎರಡನ್ನೂ ಬಳಸುವುದರಿಂದ ಎರಡರ ಕ್ಯಾನೂ ಅಕ್ಕಪಕ್ಕ ಇರುತ್ತವೆ, ಜಾಗ ಉಳಿಸಲು ಒಂದಕ್ಕೆ ಬಗ್ಗಿಸಲು ಕೈ ಹೋಗುತ್ತದೆ. ಹುಟ್ಟುವುದು ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ ಕಂದಕದಲ್ಲಿದ್ದ ಸೈನಿಕರನ್ನು ಕೊಲ್ಲಲು ಬಳಸಿದ್ದು ಇದನ್ನೇ.

ಬೇರೆ ಮದ್ದುಗಳದ್ದೂ ಹಾಗೆಯೇ. ಅರ್ಧ ಲೀಟರ್ ಅದು, ಒಂದು ಲೀಟರ್ ಇದು ಎಂದು ಎಲ್ಲ ಉಳಿಕೆಯನ್ನೂ ಒಂದೇ ಡ್ರಮ್ಮಿಗೆ ಕೂಡಿಹಾಕಬೇಡಿ. ಕೂಡಿದ್ದು ಯಾವ ಬೆಳೆಗೂ ಬಾರದು, ಯಾವ ಡಾಕ್ಟರಿಗೂ ಅದರ ಹೆಸರು ಹೇಳಲಾಗದು.

ಬೆಂಕಿ

ರಬ್ಬರಿಗೆ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬಿಡುವ ಸ್ಪ್ರೇ ಎಣ್ಣೆ ಬರುವುದು ಕಬ್ಬಿಣದ ಬ್ಯಾರೆಲಿನಲ್ಲಿ. ಖಾಲಿಯಾದ ಬ್ಯಾರೆಲನ್ನು ಸೀಳಿ ಒಲೆ ಮಾಡುವುದು, ನೀರು ಕಾಯಿಸುವ ಹಂಡೆ ಮಾಡುವುದು, ಅಡಿಕೆ ಬೇಯಿಸಲು ಇಡುವುದು ನಮ್ಮಲ್ಲಿ ಎಲ್ಲ ಕಡೆ ಕಾಣುತ್ತದೆ. ಗ್ಯಾಸ್ ಕಟ್ಟರು, ವೆಲ್ಡಿಂಗು, ಗ್ರೈಂಡರು ಯಾವುದನ್ನೂ ಅದಕ್ಕೆ ಹಚ್ಚಬೇಡಿ. ತುಂಬಿದ ಬ್ಯಾರೆಲಿಗಿಂತ ಖಾಲಿ ಬ್ಯಾರೆಲು ಸುಲಭವಾಗಿ ಸಿಡಿಯುತ್ತದೆ; ಒಳಗೆ ಎಣ್ಣೆಯ ಜಾಗದಲ್ಲಿ ಆವಿ ಮತ್ತು ಗಾಳಿ ಬೆರೆತು ಕಿಡಿಗೆ ಕಾಯುತ್ತಿರುತ್ತವೆ. ಹೊರಗೆ ಬಡಿದರೆ 'ಢಣ್' ಅನ್ನುವುದು ಸುರಕ್ಷಿತ ಎಂಬುದರ ಗುರುತಲ್ಲ.

ಪ್ಲಾಸ್ಟಿಕ್ ಕ್ಯಾನುಗಳನ್ನು ಸೋಗೆಯ ಜೊತೆ ಗುಂಡಿಯಲ್ಲಿ ಸುಡಬೇಡಿ. ಆ ಹೊಗೆ ಇಡೀ ಕೇರಿ ಕುಡಿಯುತ್ತದೆ.

ಎಲ್ಲಿಗೆ ಸುರಿಯಬಾರದು

ತೋಡು, ಕೆರೆ, ಮೋರಿ, ಹಟ್ಟಿಗೊಬ್ಬರದ ಗುಂಡಿ, ಪಾಯಿಖಾನೆ, ಹಾಳುಬಾವಿ. ಕೊನೆಯದನ್ನು ಒತ್ತಿ ಹೇಳುತ್ತೇನೆ. ನೀರಿಲ್ಲದ ಬಾವಿಯನ್ನು ಕಂಡರೆ ಏನಾದರೂ ಹಾಕಿ ಮುಚ್ಚಬೇಕೆನಿಸುವುದು ಮನುಷ್ಯರ ಗುಣ. ಗಡಿಯಾಚೆ ಕಾಸರಗೋಡಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಚೆಲ್ಲುವುದು 2000ದ ಹೊತ್ತಿಗೆ ನಿಂತಿತು, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಮದ್ದನ್ನೇ ಇಡೀ ದೇಶದಲ್ಲಿ ನಿಷೇಧಿಸಿತು. ಉಗ್ರಾಣದಲ್ಲಿ ಉಳಿದ ಡ್ರಮ್ಮುಗಳು ಮಾತ್ರ ಅಲ್ಲೇ ಕೂತವು. ಹಳತಾಗಿ ಸೋರುತ್ತಿದ್ದ ಅವುಗಳಿಂದ ಮದ್ದನ್ನು ಹೊಸ ಪ್ಲಾಸ್ಟಿಕ್ ಬ್ಯಾರೆಲುಗಳಿಗೆ ತುಂಬಿಸಲು 2012ರಲ್ಲಿ ಒಂದು ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು. 'ಆಪರೇಷನ್ ಬ್ಲಾಸಮ್ ಸ್ಪ್ರಿಂಗ್' ಎಂದು ಅದಕ್ಕೆ ಹೂವಿನಂಥ ಹೆಸರಿಟ್ಟಿದ್ದರು. ಅದೇ ಜಿಲ್ಲೆಯ ಮಿಂಚಿನಪದವಿನಲ್ಲಿ ಉಳಿಕೆಯನ್ನು ಹಾಳುಬಾವಿಗೆ ಹಾಕಿ ಮುಚ್ಚಲಾಗಿದೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅದೇ ಎಂಡೋಸಲ್ಫಾನಿನಿಂದ ನರಳಿದ ನಮ್ಮ ಕೊಕ್ಕಡ, ಪಟ್ರಮೆ, ನಿಡ್ಲೆಯವರಿಗೆ ಆ ಮದ್ದಿನ ವಿಷಯ ನಾನು ಬಿಡಿಸಿ ಹೇಳಬೇಕಿಲ್ಲ.

ನೆಲಕ್ಕೆ ಚೆಲ್ಲಿಹೋದರೆ ನೀರು ಹೊಡೆಯಬೇಡಿ, ಅದು ಇನ್ನಷ್ಟು ದೂರ ಹೋಗುತ್ತದೆ. ಒಣ ಮಣ್ಣು ಅಥವಾ ಮರಳು ಹಾಕಿ ಹೀರಿಸಿ, ಗುಡಿಸಿ, ಚೀಟಿ ಹಚ್ಚಿದ ಮುಚ್ಚಳದ ಡಬ್ಬದಲ್ಲಿ ಇಡಿ. ಕೋಣೆಯ ಬಲಮೂಲೆಯ ಎರಡು ಚೀಲ ಮರಳು ಇದಕ್ಕೇ ಇಟ್ಟದ್ದು. ಗಾರೆ ಕೆಲಸದವರು ಒಯ್ಯಬಾರದು.

ತೊಳೆದಾದ ಮೇಲೆ ಡ್ರಮ್ಮು

ಮನೆಗೆ ಬರಕೂಡದು. ಕುಡಿಯುವ ನೀರಿಗೆ, ಅಕ್ಕಿಗೆ, ದನಗಳ ಅಕ್ಕಚ್ಚಿಗೆ, ಜೀವಾಮೃತಕ್ಕೆ ಯಾವುದಕ್ಕೂ ಬೇಡ. ಕೀಟನಾಶಕದ ಡ್ರಮ್ಮಿನಲ್ಲಿ ಜೀವಾಮೃತ ಮಾಡುವವರ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ.

ಹದಿನೈದು ವರ್ಷದ ಹಿಂದೆ ನಾನೇ ಗುಜರಿಯಿಂದ ಒಂದು ನೀಲಿ ಡ್ರಮ್ಮು ತಂದೆ. ಸೋಪಿನ ನೀರಿನದ್ದು ಎಂದ ಮಾರಿದವನು. ಮೂರು ದಿನ ನೀರು ತುಂಬಿಸಿ ಚೆಲ್ಲಿ, ವಾಸನೆ ಇಲ್ಲವೆಂದು ಖಾತ್ರಿ ಮಾಡಿ, ಅದರ ನೀರನ್ನು ಬೆಂಡೆ ಸಾಲಿಗೆ ಹಾಕತೊಡಗಿದೆ. ಎರಡನೇ ವಾರಕ್ಕೆ ಎಳೆಯ ಎಲೆಗಳು ಅಂಗೈಯಂತೆ ಬಿಡಿಸಿಕೊಳ್ಳುವುದು ಬಿಟ್ಟು ಸಪೂರ ಬೆರಳುಗಳಾಗಿ ಸೀಳಿ, ನರಗಳೆಲ್ಲ ಒಟ್ಟಿಗೆ ಬಂದು, ತುದಿ ಸುರುಳಿಯಾದವು. ಕಾಂಡ ಹಾವಿನಂತೆ ತಿರುಚಿತು. ಯಾವುದೋ ನಂಜುರೋಗವೆಂದು ನಾಲ್ಕು ಗಿಡ ಕಿತ್ತೆ. ಆಮೇಲೆ ಬಂದು ನೋಡಿದ ಕೃಷಿ ವಿಜ್ಞಾನಿಯೊಬ್ಬರು ಗಿಡ ಬಿಟ್ಟು ಡ್ರಮ್ಮಿನ ಕಡೆ ನಡೆದರು. 2,4-ಡಿ ಕಳೆನಾಶಕದ ಗುರುತು ಅದು. ಹತ್ತಿಯ ನೆಂಟನಾದ ಬೆಂಡೆಗೆ ಅದರ ಒಂದು ಸುಳಿವೂ ಸಾಕು. ಮದ್ದು ಬಿರಡೆಯ ಮರೆಯಲ್ಲಿ ಕೂತಿರುತ್ತದೆ, ಪ್ಲಾಸ್ಟಿಕ್ಕಿನ ಗೋಡೆಯೂ ಅದನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಬೆಂಡೆಗಿಡ ಹೇಳಿತು. ಆ ನೀರು ಕುಡಿದಿದ್ದರೆ ನಾವು ಏನು ಹೇಳುತ್ತಿದ್ದೆವೋ.

ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ 2013ರ ಜುಲೈ 16ರಂದು ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಕೀಟನಾಶಕ ಸಿಕ್ಕಿತು. ಮದ್ದನ್ನು ತಂಪು ಪಾನೀಯದ ಬಾಟಲಿಗೆ, ಎಣ್ಣೆಯ ಡಬ್ಬಕ್ಕೆ, ಬ್ರಾಂಡಿ ಸೀಸೆಗೆ ಸುರಿದಿಡುವವರು ಈ ಸಾಲನ್ನು ಎರಡು ಸಲ ಓದಿ. ನೆರೆಮನೆಯವರು ಸ್ವಲ್ಪ ಕೇಳಿದರೂ ಬಾಟಲಿಯಲ್ಲಿ ಕೊಡಬೇಡಿ. ಸಿಟ್ಟಾಗುತ್ತಾರೆ, ಆಗಲಿ.

ಮೂರು ಸಲ ತೊಳೆದ ಕ್ಯಾನಿನ ತಳಕ್ಕೂ ಬದಿಗೂ ತೂತು ಹೊಡೆಯಿರಿ, ಚೀಟಿ ಮಾತ್ರ ಹರಿಯಬೇಡಿ. 1971ರ ಕೀಟನಾಶಕ ನಿಯಮಗಳ 44ನೇ ನಿಯಮ ಹೇಳುವುದು ಹೀಗೆ: ಮರುಬಳಕೆಯಾಗದಿರಲೆಂದು ಖಾಲಿ ಡಬ್ಬವನ್ನು ಹೊರಗೆ ಬಿಡಬಾರದು, ಒಡೆದು ಜನವಸತಿಯಿಂದ ದೂರ ಹೂಳಬೇಕು. ಸಣ್ಣದಕ್ಕೆ ಅದು ಸರಿ. ಆರು ತಿಂಗಳು ಮಳೆ ಬರುವ, ಮೊಣಕಾಲು ಆಳಕ್ಕೆ ನೀರು ಸಿಗುವ ನಮ್ಮ ಬೈಲಿನಲ್ಲಿ 200 ಲೀಟರಿನ ಡ್ರಮ್ಮು ಹೂಳುವುದನ್ನು ನಾನು ಒಪ್ಪುವುದಿಲ್ಲ. ರಾಸಾಯನಿಕ ಅಂಟಿದ ಬ್ಯಾರೆಲು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೇ ಇದೆ. ಕೊಳ್ಳುವಾಗಲೇ ಅಂಗಡಿಯವರಲ್ಲಿ ವಾಪಸು ಒಯ್ಯುವ ಮಾತು ಮಾಡಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಒಪ್ಪದ ಅಂಗಡಿಯಿಂದ ದೊಡ್ಡ ಡ್ರಮ್ಮು ಕೊಳ್ಳಬೇಡಿ, ನಾಲ್ಕು ಸಣ್ಣ ಕ್ಯಾನು ಕೊಳ್ಳಿ. ಲೀಟರಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಹೋದರೂ ತಳದ ಒಂದು ಬೆರಳು ಉಳಿಯುವುದಿಲ್ಲ.

ಮೈಗೆ ಬಿದ್ದರೆ

ಕಣ್ಣಿಗಾದರೆ ರೆಪ್ಪೆ ಬಿಡಿಸಿ ಹಿಡಿದು 15 ನಿಮಿಷ ಹರಿಯುವ ನೀರು. ಬಟ್ಟೆಗಾದರೆ ಬಟ್ಟೆ ಕಳಚಿ, ಎದುರು ಯಾರಿದ್ದರೂ ಸರಿ. ಸೋಪು ಹಾಕಿ ಮೈ ತೊಳೆಯಿರಿ. ಹೊಟ್ಟೆಗೆ ಹೋದರೆ ವಾಂತಿ ಮಾಡಿಸಬೇಡಿ, ಹಾಲು, ತುಪ್ಪ, ಉಪ್ಪುನೀರು ಕುಡಿಸಬೇಡಿ. ಅತಿಯಾದ ಬೆವರು, ಜೊಲ್ಲು, ಮಂಜು ಕವಿದ ದೃಷ್ಟಿ, ನಡುಕ ಕಂಡರೆ 'ಬಿಸಿಲಿಗೆ ಹಾಗಾಯಿತು' ಎಂದು ಮಲಗಿಸಬೇಡಿ. 108ಕ್ಕೆ ಫೋನು ಮಾಡಿ, ಚೀಟಿಯನ್ನು ಅಥವಾ ಅದರ ಫೋಟೊವನ್ನು ಜೊತೆಗೆ ಒಯ್ಯಿರಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಡಾಕ್ಟರೂ ಅಲ್ಲಿ ಕೇಳಬಹುದು.

ಕೋಣೆಯ ಎಡಮೂಲೆಯಲ್ಲಿ ಚೀಟಿ ಕೊಳೆತುಹೋದ ಒಂದು ಹಳೆಯ ಕಪ್ಪು ಡ್ರಮ್ಮಿದೆ. ಅಪ್ಪನ ಕಾಲದ್ದು, ಒಳಗೆ ಏನಿದೆಯೆಂದು ನನಗೂ ಗೊತ್ತಿಲ್ಲ, ಅಲುಗಿಸಿದರೆ ತಳದಲ್ಲಿ ಒಂದಿಷ್ಟು ಸದ್ದು ಮಾಡುತ್ತದೆ. ಅದರ ಅಡಿಗೆ ಒಂದು ಪ್ಲಾಸ್ಟಿಕ್ ತಟ್ಟೆ ಇಟ್ಟು ಸುತ್ತ ಕೆಂಪು ಗೆರೆ ಎಳೆದಿದ್ದೇನೆ, ಸಂಬಂಧಪಟ್ಟವರಿಗೆ ಎರಡು ಸಲ ಬರೆದು ಕೊಟ್ಟಿದ್ದೇನೆ. ಅವರು ಬಂದು ಒಯ್ಯುವವರೆಗೆ ಆ ಗೆರೆಯೊಳಗೆ ಯಾರೂ ಕಾಲಿಡಬೇಡಿ. ಕೋಣೆಯ ಬೀಗದಕೈ ನನ್ನ ಹತ್ತಿರ ಮಾತ್ರ ಇದೆ.